ಉಡುಗೊರೆಯೂ ಅಲ್ಲ, ಸಂಪಾದನೆಯೂ ಅಲ್ಲ: ಭಾವನಿಗೆ ಮಾಡಿಕೊಟ್ಟ ವೆಬ್‌ಸೈಟ್

(ಸಂಬಂಧಪಟ್ಟವರ ಒಪ್ಪಿಗೆ ಪಡೆದು ಬರೆದದ್ದು. ಗುರುತು ಹಿಡಿಯಬಹುದಾದ ವಿವರಗಳನ್ನು ಬದಲಿಸಿದ್ದೇನೆ.)

ಆಪ್ತಸಲಹೆಗೆಂದು ಆಕೆ ನನ್ನ ಬಳಿ ಬಂದದ್ದು ನಿದ್ದೆ ಬರುತ್ತಿಲ್ಲ ಎಂದು. ವಯಸ್ಸು ಮೂವತ್ತರ ಆಚೀಚೆ. ಕಂಪನಿಯ ಕೆಲಸ ಬಿಟ್ಟು ಮನೆಯಿಂದಲೇ ವೆಬ್‌ಸೈಟ್ ಮಾಡಿಕೊಡುವ ಫ್ರೀಲಾನ್ಸರ್. ರಾತ್ರಿ ದೀಪ ಆರಿಸಿದ ಮೇಲೆ ತಲೆಯೊಳಗೆ ಯಾರ ಜೊತೆಗೋ ವಾದ ನಡೆದೇ ಇರುತ್ತದೆ, ಫೋನ್ ಸದ್ದಾದರೆ ಎದೆ ಧಸಕ್ಕೆನ್ನುತ್ತದೆ, ಮನೆಯವರೆಲ್ಲ ಸೇರುವ ಕಡೆ ಹೋಗಲು ಮನಸ್ಸೇ ಬರುವುದಿಲ್ಲ ಎಂದರು. ವೈದ್ಯರನ್ನು ಕಂಡು ಬಂದಿದ್ದರು. ರಕ್ತಪರೀಕ್ಷೆಯಲ್ಲಿ ಏನೂ ಇರಲಿಲ್ಲ. ಕೆಲಸದ ಒತ್ತಡವೇ ಇರಬೇಕೆಂದು ತಾವೇ ತೀರ್ಮಾನಿಸಿಕೊಂಡಿದ್ದರು.

ಯಾರ ಫೋನ್ ಬಂದರೆ ಹೆಚ್ಚು ಗಾಬರಿಯಾಗುತ್ತದೆ ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮ ಭಾವಂದು" ಎಂದರು.

ಭಾವ ಎಂದರೆ ಅಕ್ಕನ ಗಂಡ. ಎರಡು ವರ್ಷದ ಹಿಂದೆ ಅವರು ಸ್ವಂತ ತರಬೇತಿ ಕೇಂದ್ರ ಶುರು ಮಾಡಿದಾಗ, "ಒಂದು ಸಣ್ಣ ವೆಬ್‌ಸೈಟ್ ಮಾಡಿಕೊಡಮ್ಮಾ" ಎಂದಿದ್ದರು. ದುಡ್ಡಿನ ಮಾತನ್ನು ಅವರೂ ಎತ್ತಲಿಲ್ಲ, ಈಕೆಯೂ ಎತ್ತಲಿಲ್ಲ. ಎರಡು ದಿನದ ಕೆಲಸ ಅಂದುಕೊಂಡದ್ದು ಎರಡು ತಿಂಗಳು ಹಿಡಿಯಿತು. ಆಮೇಲೂ ಅದು ಮುಗಿಯಲಿಲ್ಲ. ಹೊಸ ಬ್ಯಾಚ್ ಶುರುವಾದಾಗಲೆಲ್ಲ ಪುಟ ಬದಲಾಯಿಸಬೇಕು, ಒಂದು ಬ್ರೋಷರ್ ಬೇಕು, ಇಮೇಲ್ ಹೋಗುತ್ತಿಲ್ಲ ನೋಡು, ಲೋಗೋ ಬಣ್ಣ ಯಾಕೋ ಮಂಕಾಗಿದೆ. ಡೊಮೇನ್ (ವೆಬ್‌ಸೈಟ್‌ನ ವಿಳಾಸ), ಹೋಸ್ಟಿಂಗ್ (ಅದನ್ನು ಇಡುವ ಬಾಡಿಗೆ ಜಾಗ) ಎರಡೂ ಈಕೆಯ ಹೆಸರಿನಲ್ಲಿ, ಈಕೆಯ ಕಾರ್ಡಿನಲ್ಲಿ. ವರ್ಷಕ್ಕೊಮ್ಮೆ ಹಣ ತಾನಾಗಿಯೇ ಕಡಿತವಾಗುತ್ತಿತ್ತು. ಭಾವ ತಮ್ಮ ಸ್ನೇಹಿತರಿಗೂ ಈಕೆಯ ನಂಬರ್ ಕೊಟ್ಟರು: "ನಮ್ಮನೆ ಹುಡುಗಿ, ಮಾಡಿಕೊಡ್ತಾಳೆ."

ಇದರ ಜೊತೆಗೆ ಇನ್ನೊಂದಿತ್ತು. ಕಾಲೇಜಿನ ಗೆಳತಿಯೊಬ್ಬಳ ಕೆಲಸವನ್ನು ಅರ್ಧ ದರಕ್ಕೆ ಒಪ್ಪಿಕೊಂಡು, ಅಡ್ವಾನ್ಸ್ ತೆಗೆದುಕೊಂಡು, ಅರ್ಧ ಮಾಡಿ ನಿಲ್ಲಿಸಿಬಿಟ್ಟಿದ್ದರು. ಪೂರ್ತಿ ದುಡ್ಡು ಕೊಡುವವರ ಕೆಲಸ ಬಂದಾಗಲೆಲ್ಲ ಗೆಳತಿಯದು ಹಿಂದೆ ಸರಿಯುತ್ತಿತ್ತು. ಗೆಳತಿ ಮೆಸೇಜ್ ಮಾಡಿದರೆ ಒಮ್ಮೆ ಲ್ಯಾಪ್‌ಟಾಪ್ ಕೆಟ್ಟಿದೆ, ಇನ್ನೊಮ್ಮೆ ಜ್ವರ ಎನ್ನುತ್ತಿದ್ದರು ಈಕೆ. ನನಗನ್ನಿಸಿದಂತೆ ನಿದ್ದೆ ಕೆಡಿಸಿದ್ದು ಕೆಲಸದ ಹೊರೆಗಿಂತ ಹೆಚ್ಚಾಗಿ ಈ ಸುಳ್ಳುಗಳು. ಸುಳ್ಳು ಹೇಳಿ ಅಭ್ಯಾಸವಿಲ್ಲದ ಮನುಷ್ಯರಿಗೆ ಅದನ್ನು ನೆನಪಿಟ್ಟುಕೊಳ್ಳುವುದೇ ಒಂದು ದುಡಿಮೆ.

ಮುಂದಿನ ಭೇಟಿಯಲ್ಲಿ ಆಕೆ ಕೇಳಿದ ಪ್ರಶ್ನೆ: "ಭಾವನ ಹತ್ತಿರ ದುಡ್ಡು ಲೆಕ್ಕ ಹಾಕ್ತಿದೀನಲ್ಲ, ನಾನು ಅಷ್ಟು ಸಣ್ಣವಳಾ?" ಉತ್ತರ ಕೊಡುವ ಬದಲು ಒಂದು ಸಂದರ್ಭ ಊಹಿಸಿಕೊಳ್ಳಿ ಎಂದೆ. ನಾಳೆ ಭಾವ ಬಂದು ಎರಡು ವರ್ಷದ ಕೆಲಸಕ್ಕೆ ನಿಮ್ಮ ಪೂರ್ತಿ ದರ ಲೆಕ್ಕ ಹಾಕಿ ಕೊಟ್ಟರೆ ಹೇಗನ್ನಿಸುತ್ತದೆ? ಆಕೆಯ ಮುಖ ಸಪ್ಪಗಾಯಿತು. "ಬೇಜಾರಾಗುತ್ತೆ. ತಗೊಳ್ಳಲ್ಲ." ಮತ್ತೇನು ಆಗಿದ್ದರೆ ಸರಿಯಿತ್ತು? "ಒಂದೇ ಒಂದು ಸಲ, ನಿನಗೆ ಬಿಡುವಿದೆಯಾ ಅಂತ ಕೇಳಿದ್ದರೆ ಸಾಕಿತ್ತು."

ಈ ಪ್ರಕರಣದ ತಿರುಳು ಇಲ್ಲೇ ಇತ್ತು. ಸಂಬಂಧಗಳಲ್ಲಿ ಕೊಡು-ಕೊಳ್ಳುವಿಕೆ ಎರಡು ಬಗೆಯಲ್ಲಿ ನಡೆಯುತ್ತದೆಂದು ಮಾರ್ಗರೆಟ್ ಕ್ಲಾರ್ಕ್ ಮತ್ತು ಜಡ್ಸನ್ ಮಿಲ್ಸ್ ಎಂಬ ಮನೋವಿಜ್ಞಾನಿಗಳು 1979ರಲ್ಲಿ ತೋರಿಸಿದರು. ಒಂದರಲ್ಲಿ ಕೊಟ್ಟದ್ದಕ್ಕೆ ಸಮನಾದದ್ದು ಹಿಂತಿರುಗಿ ಬರಬೇಕು. ಇನ್ನೊಂದರಲ್ಲಿ ಎದುರಿನವರಿಗೆ ಅಗತ್ಯವಿದೆ ಎಂಬುದೇ ಕಾರಣ, ಲೆಕ್ಕವಿಲ್ಲ. ಅವರ ಪ್ರಯೋಗದಲ್ಲಿ, ಸಹಾಯ ಮಾಡಿದ ತಕ್ಷಣ ಪ್ರತಿಯಾಗಿ ಏನಾದರೂ ಕೊಟ್ಟವರನ್ನು ವ್ಯವಹಾರದ ಸಂಬಂಧ ಬಯಸಿದವರು ಹೆಚ್ಚು ಮೆಚ್ಚಿದರು. ಆತ್ಮೀಯತೆ ಬಯಸಿದವರು ಮೆಚ್ಚಿದ್ದು ಕಡಿಮೆ. ಭಾವ ಹಣ ಕೊಟ್ಟರೆ ಬೇಜಾರಾಗುತ್ತದೆ ಎಂದ ಈಕೆಯ ಮಾತು ಅಲ್ಲಿಗೆ ಸರಿಹೊಂದುತ್ತದೆ. ಆದರೆ ಲೆಕ್ಕವಿಲ್ಲದ ಸಂಬಂಧಕ್ಕೂ ಒಂದು ಷರತ್ತು ಇದೆ: ನಿನ್ನ ಕಷ್ಟವೂ ನನಗೆ ಕಾಣುತ್ತಿದೆ ಎಂಬ ಭರವಸೆ. ಆ ಭರವಸೆ ಹೋದ ದಿನದಿಂದ ಈಕೆ ಮನಸ್ಸಿನಲ್ಲೇ ಲೆಕ್ಕ ಇಡತೊಡಗಿದ್ದರು, ಲೆಕ್ಕ ಇಟ್ಟದ್ದಕ್ಕೆ ತಮ್ಮನ್ನೇ ಬೈದುಕೊಳ್ಳುತ್ತಿದ್ದರು.

ಗೆಳತಿಯ ಅರ್ಧ ದರದ ವಿಷಯಕ್ಕೆ ಬಂದರೆ, ಫ್ರೀಲಾನ್ಸ್ ಮಾಡುವವರಿಗೆ ನಾನು ಮತ್ತೆ ಮತ್ತೆ ಹೇಳುವ ಮಾತೊಂದಿದೆ. ಪುಕ್ಕಟೆ ಮಾಡಿಕೊಡುವುದರಲ್ಲಿ ತಪ್ಪಿಲ್ಲ, ಪೂರ್ತಿ ದರ ಕೇಳುವುದರಲ್ಲೂ ತಪ್ಪಿಲ್ಲ, ನಡುವೆ ನಿಲ್ಲುವುದೇ ಅಪಾಯ. ಜೇಮ್ಸ್ ಹೇಮನ್ ಮತ್ತು ಡ್ಯಾನ್ ಏರಿಯಲಿ 2004ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಏನೂ ಪಡೆಯದೆ ಕೆಲಸ ಮಾಡಿದವರು ಸ್ವಲ್ಪವೇ ಹಣ ಪಡೆದವರಿಗಿಂತ ಹೆಚ್ಚು ಶ್ರಮ ಹಾಕಿದರು. ಹಣದ ಬದಲು ಸಣ್ಣ ಉಡುಗೊರೆ ಕೊಟ್ಟಾಗ ಶ್ರಮ ಕಡಿಮೆಯಾಗಲಿಲ್ಲ, ಅದರ ಬೆಲೆ ಎಷ್ಟೆಂದು ಹೇಳಿದ ಕೂಡಲೇ ಕಡಿಮೆಯಾಯಿತು. ಅಂಕಿಯೊಂದು ನಡುವೆ ಬಂದ ಮೇಲೆ ಮನಸ್ಸು ಪೇಟೆಯ ಅಳತೆಗೆ ಇಳಿಯುತ್ತದೆ. ಆ ಅಳತೆಯಲ್ಲಿ ಅರ್ಧ ದರದ ಕೆಲಸ ಕೊನೆಯ ಸಾಲಿನಲ್ಲೇ ಕೂರುತ್ತದೆ. ಗೆಳತಿಗೋ ತಾನು ದುಡ್ಡು ಕೊಟ್ಟ ಗಿರಾಕಿ, ಹಕ್ಕಿನಿಂದ ಕೇಳಬಹುದು ಎಂಬ ಭಾವನೆ. ಈಕೆಗೆ ತಾನು ಉಪಕಾರ ಮಾಡುತ್ತಿದ್ದೇನೆ ಎಂಬ ಭಾವನೆ. ಇಬ್ಬರೂ ತಮ್ಮ ತಮ್ಮ ಮಟ್ಟಿಗೆ ನ್ಯಾಯವಾಗಿಯೇ ಇದ್ದರು.

ಇನ್ನು ಭಾವ. ಆಕೆಯ ಮಾತು ಕೇಳುತ್ತಾ ಹೋದರೆ ಭಾವ ಬೇಕೆಂದೇ ದುಡಿಸಿಕೊಳ್ಳುವ ಮನುಷ್ಯನಂತೆ ಕಾಣುತ್ತಿದ್ದರು. ನಾನು ಹಾಗೆ ನಂಬಲಿಲ್ಲ. ಫ್ರಾನ್ಸಿಸ್ ಫ್ಲಿನ್ ಮತ್ತು ವನೆಸ್ಸಾ ಲೇಕ್ 2008ರ ಅಧ್ಯಯನವೊಂದರಲ್ಲಿ, ಅಪರಿಚಿತರಿಂದ ಪ್ರಶ್ನಾವಳಿ ತುಂಬಿಸಿಕೊಳ್ಳಲು ಎಷ್ಟು ಜನರನ್ನು ಕೇಳಬೇಕಾದೀತು ಎಂದು ಮೊದಲೇ ಊಹಿಸಲು ಹೇಳಿದರು. ಜನ ಊಹಿಸಿದ್ದು ಸುಮಾರು 20, ನಿಜಕ್ಕೂ ಕೇಳಬೇಕಾಗಿ ಬಂದದ್ದು ಸುಮಾರು 10. ಬೇಡ ಎನ್ನುವುದು ಎದುರಿನವರಿಗೆ ಎಷ್ಟು ಕಷ್ಟ ಎಂಬುದು ಕೇಳುವವರಿಗೆ ಹೊಳೆಯುವುದಿಲ್ಲ. ಆಗದಿದ್ದರೆ ಹೇಳುತ್ತಾಳೆ ಬಿಡು ಎಂದುಕೊಂಡೇ ಕೇಳುತ್ತಾರೆ. ಅದೇ ಫ್ಲಿನ್ 2003ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನ ಈ ಪ್ರಕರಣಕ್ಕೆ ಇನ್ನೂ ಹತ್ತಿರ. ಉಪಕಾರ ಪಡೆದವರ ಮನಸ್ಸಿನಲ್ಲಿ ಅದರ ಬೆಲೆ ದಿನ ಕಳೆದಂತೆ ಇಳಿಯುತ್ತದೆ, ಮಾಡಿದವರ ಮನಸ್ಸಿನಲ್ಲಿ ಏರುತ್ತದೆ. ಎರಡು ವರ್ಷದಲ್ಲಿ ಭಾವನಿಗೆ ಆ ವೆಬ್‌ಸೈಟ್ ಯಾವಾಗಲೂ ಇದ್ದ ವಸ್ತುವಾಗಿತ್ತು. ಈಕೆಗೆ ಅದು ತಿಂಗಳಿಂದ ತಿಂಗಳಿಗೆ ಭಾರವಾಗಿತ್ತು. ಇದನ್ನು ಹೇಳಿದಾಗ ಆಕೆಯ ಸಿಟ್ಟು ಸ್ವಲ್ಪ ಸಡಿಲವಾಯಿತು. ಭಾವನನ್ನು ಕ್ಷಮಿಸಿ ಎಂದು ನಾನು ಹೇಳಲಿಲ್ಲ. ನೀವು ಬಾಯಿಬಿಟ್ಟು ಹೇಳದೇ ಇದ್ದದ್ದು ಅವರಿಗೆ ಗೊತ್ತಿಲ್ಲ ಎಂದಷ್ಟೇ ಹೇಳಿದೆ.

ಸಲಹೆ ಕೊಡುವ ಹೊತ್ತಿಗೆ ಮೊದಲು ಮಾಡಿಸಿದ ಕೆಲಸ ಗಂಟೆಗಳ ಲೆಕ್ಕ. ಎರಡು ವಾರ, ಮನೆಯವರ ಮತ್ತು ಗೆಳೆಯರ ಕೆಲಸಕ್ಕೆ ಕೂತ ಪ್ರತಿ ಹೊತ್ತನ್ನೂ ಬರೆದಿಡುವುದು. ಭಾವನಿಗೆ ತೋರಿಸಲಿಕ್ಕಲ್ಲ. "ಐದು ನಿಮಿಷದ ಕೆಲಸ" ಎಂಬ ಮಾತನ್ನು ಕೇಳುವವರಿಗಿಂತ ಹೆಚ್ಚಾಗಿ ಮಾಡುವವರೇ ನಂಬಿರುತ್ತಾರೆ. 1994ರ ಪ್ರಸಿದ್ಧ ಅಧ್ಯಯನವೊಂದರಲ್ಲಿ ವಿದ್ಯಾರ್ಥಿಗಳು ತಮ್ಮ ಪ್ರಬಂಧ ಸರಾಸರಿ 34 ದಿನದಲ್ಲಿ ಮುಗಿಯುತ್ತದೆ ಎಂದಿದ್ದರು, ಹಿಡಿದದ್ದು 55 ದಿನಕ್ಕಿಂತ ಹೆಚ್ಚು. ಎಲ್ಲವೂ ಎಡವಟ್ಟಾದರೆ ಎಷ್ಟು ದಿನ ಎಂದು ಕೇಳಿದಾಗ ಕೊಟ್ಟ ಉತ್ತರವೂ ಸಾಲಲಿಲ್ಲ. ಈಕೆಯ ಪಟ್ಟಿಯಲ್ಲಿ ಬರೆದದ್ದನ್ನು ನೋಡಿ ಆಕೆಗೇ ಆಶ್ಚರ್ಯವಾಯಿತು.

ಆಮೇಲೆ, ಕೈಯಲ್ಲಿದ್ದ ಒಂದೊಂದು ಕೆಲಸಕ್ಕೂ ಇದು ಉಡುಗೊರೆಯೋ ಸಂಪಾದನೆಯೋ ಎಂದು ಹೆಸರಿಡಿ ಎಂದೆ. ಮೂರನೆಯದಿಲ್ಲ. ಉಡುಗೊರೆಗೂ ಅಂಚು ಇರಬೇಕು. ಏನು ಮಾಡಿಕೊಡುತ್ತೇನೆ, ಯಾವತ್ತಿಗೆ ಮುಗಿಯುತ್ತದೆ, ಎಷ್ಟು ಸಲ ತಿದ್ದುತ್ತೇನೆ, ಕೊನೆಗೆ ಏನನ್ನು ಅವರ ಕೈಗೆ ಒಪ್ಪಿಸುತ್ತೇನೆ. ಒಪ್ಪಿಸುವ ಕೆಲಸವನ್ನು ಬಹಳ ಜನ ಮರೆಯುತ್ತಾರೆ. ಪಾಸ್‌ವರ್ಡ್, ಡೊಮೇನ್, ಮೂಲ ಫೈಲ್ ಇವೆಲ್ಲ ನಿಮ್ಮ ಹತ್ತಿರವೇ ಉಳಿದರೆ ಉಡುಗೊರೆ ಇನ್ನೂ ಕೊಟ್ಟಂತಾಗಲಿಲ್ಲ. ಅದರ ಜವಾಬ್ದಾರಿ ನಿಮ್ಮ ಮೇಲೆಯೇ ಇರುತ್ತದೆ.

ಮನೆಯವರಾದರೂ ಕ್ಲೈಂಟ್‌ನಂತೆ ನೋಡಿ, ಒಪ್ಪಂದಕ್ಕೆ ಸಹಿ ಹಾಕಿಸಿಕೊಳ್ಳಿ ಎಂಬ ಸಲಹೆ ಎಲ್ಲೆಲ್ಲೂ ಕೇಳಿಬರುತ್ತದೆ. ಗೆಳತಿಯ ವಿಷಯದಲ್ಲಿ ಅದು ಸರಿ. ಅಲ್ಲಿ ದುಡ್ಡು ಕೈ ಬದಲಾಗಿದೆ, ಒಂದು ಪುಟದ ಇಮೇಲ್ ಆದರೂ ಬೇಕು. ಭಾವನ ವಿಷಯದಲ್ಲಿ ನಾನು ಒಪ್ಪಲಿಲ್ಲ. ಎರಡು ವರ್ಷ ಲೆಕ್ಕವಿಲ್ಲದೆ ನಡೆದ ಸಂಬಂಧದೊಳಗೆ ಇದ್ದಕ್ಕಿದ್ದಂತೆ ಕಾಗದ ತಂದಿಟ್ಟರೆ ಅವರಿಗೆ ಕೇಳಿಸುವುದು ಒಂದೇ: ನೀನು ಹೊರಗಿನವನು. ಅಲ್ಲಿ ಬೇಕಾದದ್ದು ಎದುರು ಕೂತು ಆಡುವ ಮಾತು. ಮೆಸೇಜ್‌ನಲ್ಲಿ ಬೇಡ, ಅಕ್ಕನ ಮೂಲಕವಂತೂ ಬೇಡ ಎಂದೆ.

ಮಾತನ್ನು ಇಲ್ಲೇ ಹೇಳಿ ನೋಡಿದರು. ಮೊದಲ ಸಲ ಕ್ಷಮೆ ಕೇಳುವುದರಲ್ಲೇ ಅರ್ಧ ಹೋಯಿತು. ಆಮೇಲೆ ಹೀಗೆ ನಿಂತಿತು: "ಭಾವಾ, ನಿಮ್ಮ ಸೈಟ್ ಮಾಡಿಕೊಟ್ಟಿದ್ದು ನನಗೆ ಖುಷಿ. ಅದು ನನ್ನ ಕಡೆಯಿಂದ, ಅದಕ್ಕೆ ಯಾವತ್ತೂ ದುಡ್ಡು ಬೇಡ. ಆದರೆ ಮೇಲಿಂದ ಮೇಲೆ ಬರೋ ಬದಲಾವಣೆ ಮಾಡೋಕೆ ನನಗೆ ಆಗ್ತಿಲ್ಲ. ಈ ತಿಂಗಳ ಕೊನೆಗೆ ಎಲ್ಲಾ ನಿಮ್ಮ ಹೆಸರಿಗೆ ಮಾಡಿಕೊಡ್ತೀನಿ. ಮುಂದಕ್ಕೆ ನೋಡಿಕೊಳ್ಳೋರೊಬ್ಬರ ನಂಬರ್ ಕೊಡ್ತೀನಿ." ಇಷ್ಟು ಹೇಳಿದ ಮೇಲೆ ಪ್ರತಿ ಸಲವೂ ಆಕೆಯ ಬಾಯಿಂದ ಇನ್ನೊಂದು ವಾಕ್ಯ ತಾನಾಗಿ ಬರುತ್ತಿತ್ತು: "ಅರ್ಜೆಂಟ್ ಇದ್ದರೆ ಹೇಳಿ, ಪರವಾಗಿಲ್ಲ." ಆ ಒಂದು ವಾಕ್ಯ ಹೇಳದೇ ಸುಮ್ಮನಾಗುವುದನ್ನು ಕಲಿಯಲು ಉಳಿದೆಲ್ಲಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು.

ಗೆಳತಿಗೆ ನಿಜ ಹೇಳಿ ಎಂದೆ. ಲ್ಯಾಪ್‌ಟಾಪ್ ಕೆಟ್ಟಿರಲಿಲ್ಲ, ಒಪ್ಪಿಕೊಂಡ ದರದಲ್ಲಿ ಮಾಡಲು ನನ್ನಿಂದ ಆಗಲಿಲ್ಲ, ಹೇಳಲು ಸಂಕೋಚವಾಯಿತು. ಬೇಕಿದ್ದರೆ ಅಡ್ವಾನ್ಸ್ ಪೂರ್ತಿ ವಾಪಸ್, ಇಲ್ಲಿಯವರೆಗಿನ ಫೈಲ್‌ಗಳೂ ನಿನ್ನವೇ. ಮುಂದುವರಿಸುವುದಾದರೆ ಇದು ದರ, ಇದು ದಿನಾಂಕ. ವಾಪಸ್ ಕೊಡುವುದಾದರೆ ಮಾಡಿದ್ದಕ್ಕೆಂದು ಮುರಿದುಕೊಂಡು ಕೊಡಬೇಡಿ ಎಂದೂ ಸೇರಿಸಿದೆ.

"ಹಾಗಾದರೆ ಮನೆಯವರ ಕೆಲಸ ಮಾಡಲೇಬಾರದಾ?" ಎಂದು ಆಕೆ ಕೇಳಿದ್ದು ಸಹಜ. ನಮ್ಮ ವೃತ್ತಿಯಲ್ಲಿ ನಿಯಮ ಗಟ್ಟಿ. ಸ್ವಂತದವರಿಗೆ, ಸ್ನೇಹಿತರಿಗೆ ಆಪ್ತಸಲಹೆ ಕೊಡಲು ಕೂರುವುದಿಲ್ಲ, ಬೇರೊಬ್ಬರ ಬಳಿಗೆ ಕಳಿಸುತ್ತೇವೆ. ಎರಡು ಸಂಬಂಧ ಒಟ್ಟಿಗೆ ನಡೆದರೆ ತೀರ್ಮಾನ ಕೆಡುತ್ತದೆ ಎಂಬುದೇ ಕಾರಣ. ವೆಬ್‌ಸೈಟ್‌ಗೆ ಅಷ್ಟು ಕಟ್ಟುನಿಟ್ಟು ಬೇಕಿಲ್ಲ. ಆದರೆ ಬೇರೊಬ್ಬರ ಬಳಿಗೆ ಕಳಿಸುವ ಪದ್ಧತಿಯನ್ನು ಎರವಲು ಪಡೆಯಬಹುದು. ನಂಬಿಕೆಯ ಇಬ್ಬರು ಸಹೋದ್ಯೋಗಿಗಳ ಹೆಸರು ಕೈಯಲ್ಲಿದ್ದರೆ ಇಲ್ಲ ಎನ್ನುವುದು ಸುಲಭ, ಕೇಳಿದವರೂ ಬರಿಗೈಯಲ್ಲಿ ಹೋಗುವುದಿಲ್ಲ.

ನಡೆದದ್ದು ಅಂದುಕೊಂಡಷ್ಟು ಸಲೀಸಾಗಿರಲಿಲ್ಲ. ಗೆಳತಿ ಕೆಲಸ ನಿಂತದ್ದಕ್ಕೆ ಬೇಸರ ಮಾಡಿಕೊಳ್ಳಲಿಲ್ಲ, ಸುಳ್ಳಿಗೆ ಸಿಟ್ಟಾದಳು. ಹಣ, ಫೈಲ್ ಎರಡೂ ಪಡೆದಳು. ಈಗ ಮಾತಿದೆ, ಮೊದಲಿನ ಸಲಿಗೆ ಇಲ್ಲ. ಭಾವ, "ಇಷ್ಟೇ ತಾನೇ, ಮೊದಲೇ ಹೇಳೋದಲ್ವಾ" ಎಂದರಂತೆ. ಆದರೆ ಮಾರನೆಯ ದಿನ ಅಕ್ಕನ ಫೋನ್ ಬಂತು: "ಓದುವಾಗ ಮೂರು ವರ್ಷ ನಮ್ಮನೇಲಿ ಇದ್ದೆಯಲ್ಲ, ನಾವೇನು ಲೆಕ್ಕ ಬರೆದಿಟ್ಟಿದ್ವಾ?"

ಈ ವಿಷಯ ಅಲ್ಲಿಯವರೆಗೆ ನಮ್ಮ ಮಾತಿನಲ್ಲಿ ಬಂದಿರಲೇ ಇಲ್ಲ. ಅಕ್ಕನ ಮನೆಯಲ್ಲಿದ್ದು ಓದಿದ ಆ ವರ್ಷಗಳ ಋಣವನ್ನು ಆಕೆ ಯಾರಿಗೂ ಹೇಳದೆ ವೆಬ್‌ಸೈಟ್‌ನಿಂದ ತೀರಿಸುತ್ತಿದ್ದರು. ತೀರಿಸುತ್ತಿದ್ದೇನೆಂದು ತಮಗೂ ಪೂರ್ತಿ ಗೊತ್ತಿರಲಿಲ್ಲ. ಎಷ್ಟು ಮಾಡಿದರೆ ತೀರಿತು ಎಂದು ಯಾರೂ ಹೇಳದ ಋಣ ಅದು, ಹಾಗಾಗಿ ಕೆಲಸಕ್ಕೂ ಕೊನೆ ಇರಲಿಲ್ಲ. ನಾನು ಹೇಳಿದ್ದು: ಆ ವರ್ಷಗಳಿಗೆ ಅಕ್ಕನಿಗೆ ನೇರವಾಗಿ ಕೃತಜ್ಞತೆ ಹೇಳಿ, ಮಾತಿನಲ್ಲೇ ಹೇಳಿ. ಅದಕ್ಕೆ ಬ್ರೋಷರ್ ಸೇರಿಸಬೇಡಿ. ಆಕೆ ಹೋಗಿ ಹೇಳಿದರು. ಅದನ್ನು ಸಾಲ ಅಂತ ನಾನು ಯಾವತ್ತೂ ಅಂದುಕೊಂಡಿರಲಿಲ್ಲ, ಸಿಟ್ಟಿನಲ್ಲಿ ಬಾಯಿಗೆ ಬಂತು ಎಂದರಂತೆ ಅಕ್ಕ. ಭಾವ ಈಗ ಬೇರೆಯವರಿಂದ ಕೆಲಸ ಮಾಡಿಸುತ್ತಾರೆ, ಸಿಕ್ಕಾಗ ಅವರ ಬಗ್ಗೆ ದೂರುತ್ತಾರೆ. ಈಕೆ ಕೇಳಿಸಿಕೊಳ್ಳುತ್ತಾರೆ, ನಾನು ನೋಡ್ತೀನಿ ಬಿಡಿ ಎನ್ನುವುದಿಲ್ಲ. ನಿದ್ದೆ ಬಹುಮಟ್ಟಿಗೆ ಸುಧಾರಿಸಿದೆ. ಫೋನ್‌ನ ಗಾಬರಿ ಇನ್ನೂ ಅಲ್ಲಲ್ಲಿ ಉಳಿದಿದೆ, ಅದರ ಮೇಲೆ ಕೆಲಸ ನಡೆಯುತ್ತಿದೆ.

ನೀವು ಕೆಲಸ ಕೇಳುವ ಕಡೆಯವರಾಗಿದ್ದರೆ, ಮನೆಯವರ ಅಥವಾ ಗೆಳೆಯರ ಬಳಿ ಹೋಗುವ ಮುಂಚೆ ಅದನ್ನು ಬೇರೆಯವರಿಂದ ಮಾಡಿಸಿದರೆ ಎಷ್ಟಾಗುತ್ತದೆ ಎಂದು ಒಮ್ಮೆ ವಿಚಾರಿಸಿ ತಿಳಿದುಕೊಳ್ಳಿ. ಕೇಳುವಾಗ ದುಡ್ಡಿನ ಮಾತನ್ನು ನೀವೇ ಮೊದಲು ಎತ್ತಿ, ಅವರಿಗೆ ಅದು ಬಹಳ ಕಷ್ಟದ ಮಾತು. ಪುಕ್ಕಟೆ ಮಾಡಿಕೊಡುತ್ತೇನೆ ಎಂದರೆ ಎಷ್ಟು ಕೆಲಸ, ಎಲ್ಲಿಗೆ ನಿಲ್ಲುತ್ತದೆ ಎಂದು ಆಗಲೇ ಕೇಳಿಕೊಳ್ಳಿ, ಅದಕ್ಕಿಂತ ಹೆಚ್ಚು ಬೇಕಾದಾಗ ದುಡ್ಡು ಕೊಟ್ಟು ಮಾಡಿಸಿಕೊಳ್ಳಿ. ಅವರ ನಂಬರನ್ನು ಇನ್ನೊಬ್ಬರಿಗೆ ಕೊಡುವ ಮುಂಚೆ ಕೇಳಿ, ಕೊಡುವಾಗ ಅವರ ದರವನ್ನೂ ಜೊತೆಗೇ ಹೇಳಿಬಿಡಿ.