ಯೆಹೂದಿ ಧರ್ಮದಲ್ಲಿ ಮನೆಯ ಊಟದ ಮೇಜಿಗೆ ಅಷ್ಟೊಂದು ಮಹತ್ವ ಏಕೆ?

ಕ್ರಿ.ಶ. 70ರಲ್ಲಿ ರೋಮನ್ನರು ಜೆರುಸಲೇಮಿನ ದೇವಾಲಯವನ್ನು ಕೆಡವಿದರು. ಅಲ್ಲಿಗೆ ಬಲಿ, ಅರ್ಪಣೆ ಎಲ್ಲ ನಿಂತುಹೋದವು. ಆಮೇಲೆ ಊಟದ ಮೇಜೇ ಬಲಿಪೀಠಕ್ಕೆ ಸಮಾನ ಎಂದರು ರಬ್ಬಿಗಳು, ಅಂದರೆ ಯೆಹೂದಿ ಧರ್ಮಗುರುಗಳು. ಬಲಿಗೆ ಉಪ್ಪು ಹಾಕುತ್ತಿದ್ದ ನೆನಪಿಗೆ ಇಂದಿಗೂ ರೊಟ್ಟಿಯ ಮೊದಲ ತುತ್ತನ್ನು ಉಪ್ಪಿಗೆ ಅದ್ದಿ ತಿನ್ನುತ್ತಾರೆ.

ಶುಕ್ರವಾರ ಸಂಜೆ ‘ಶಬ್ಬತ್’ ಎಂಬ ವಾರದ ವಿಶ್ರಾಂತಿ ದಿನ ಶುರುವಾಗುವಾಗ ಇದು ಕಣ್ಣಿಗೆ ಕಟ್ಟುತ್ತದೆ. ಸೂರ್ಯ ಮುಳುಗಲು 18 ನಿಮಿಷ ಇರುವಾಗ ಮನೆಯೊಡತಿ ಮೇಣದಬತ್ತಿ ಹಚ್ಚಿ, ಅಂಗೈಯಿಂದ ಕಣ್ಣು ಮುಚ್ಚಿಕೊಂಡು ಪ್ರಾರ್ಥಿಸುತ್ತಾಳೆ. ಮೇಜಿನ ಮೇಲೆ ಬಟ್ಟೆ ಮುಚ್ಚಿದ ಎರಡು ‘ಹಲ್ಲಾ’ ರೊಟ್ಟಿ. ಮರುಭೂಮಿಯಲ್ಲಿ ಅಲೆಯುತ್ತಿದ್ದ ಪೂರ್ವಿಕರಿಗೆ ದೇವರು ಕೊಟ್ಟನೆನ್ನುವ ಆಹಾರ ‘ಮನ್ನಾ’ ಶಬ್ಬತ್ತಿನ ಹಿಂದಿನ ದಿನ ದುಪ್ಪಟ್ಟು ಸಿಕ್ಕಿದ್ದರ ಗುರುತು. ಹೆತ್ತವರು ಮಕ್ಕಳ ತಲೆಯ ಮೇಲೆ ಕೈಯಿಟ್ಟು ಹರಸುತ್ತಾರೆ. ನನಗಂತೂ ಇಡೀ ಆಚರಣೆಯಲ್ಲಿ ಮನಸ್ಸಿಗೆ ತಟ್ಟುವುದು ಇದೇ: ವಾರವಿಡೀ ಗದರಿಸಿಕೊಂಡ ಮಗುವಿಗೂ ಆ ಹರಕೆ ತಪ್ಪುವುದಿಲ್ಲ. ಶನಿವಾರ ಕತ್ತಲಾಗುವವರೆಗೆ ಶ್ರದ್ಧಾವಂತರು ಅಡುಗೆ, ಬರವಣಿಗೆ ಸೇರಿ 39 ಬಗೆಯ ಕೆಲಸ ಮಾಡುವುದಿಲ್ಲ. ಜೀವಕ್ಕೆ ಅಪಾಯವಿದ್ದರೆ ಮಾತ್ರ ನಿಯಮ ಮುರಿಯಲೇಬೇಕು.

ಹಾಗಂತ ಧರ್ಮ ಮನೆಯೊಳಗೇ ಮುಗಿಯುವುದಿಲ್ಲ. ತಂದೆಯೋ ತಾಯಿಯೋ ತೀರಿಕೊಂಡರೆ ಮಗ 11 ತಿಂಗಳು ‘ಕಡ್ಡಿಶ್’ ಎಂಬ ಪ್ರಾರ್ಥನೆ ಹೇಳುತ್ತಾನೆ. ಅದಕ್ಕೆ 10 ಜನ ಸೇರಲೇಬೇಕು (ಸಂಪ್ರದಾಯಸ್ಥರಲ್ಲಿ ಗಂಡಸರು ಮಾತ್ರ ಲೆಕ್ಕಕ್ಕೆ). ಅಂದರೆ ದುಃಖದಲ್ಲಿರುವವನು ಒಬ್ಬನೇ ಕೂರುವಂತಿಲ್ಲ, ಇನ್ನೂ ಒಂಬತ್ತು ಜನ ಅವನ ಪಕ್ಕದಲ್ಲಿ ನಿಲ್ಲಬೇಕು.