ಎಂಸಿಎಯೋ, ಡೇಟಾ ಸೈನ್ಸೋ: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗುವಂತಹ ವಿವರಗಳನ್ನು ಬದಲಿಸಲಾಗಿದೆ.)

ಉಡುಪಿ ತಾಲೂಕಿನ ಕಾಲೇಜೊಂದರಲ್ಲಿ ಬಿಸಿಎ ಅಂತಿಮ ಸೆಮಿಸ್ಟರ್‌ನಲ್ಲಿದ್ದ ವಿದ್ಯಾರ್ಥಿನಿ, ಮುಂದೆ ಏನು ಓದಬೇಕೆಂದು ಕೇಳಲು, ಮಲ್ಪೆ ಬಂದರಿನಲ್ಲಿ ದುಡಿಯುವ ತಂದೆಯೊಡನೆ ಆಪ್ತಸಲಹೆಗಾರ್ತಿಯಾದ ನನ್ನ ಬಳಿ ಬಂದಿದ್ದಳು. ಬೆಂಗಳೂರಿನಲ್ಲಿರುವ ಸೋದರಮಾವ ಡೇಟಾ ಸೈನ್ಸ್ ಎಂಎಸ್ಸಿಯನ್ನೇ ಸೇರಬೇಕೆಂದು ಒತ್ತಾಯಿಸುತ್ತಿದ್ದರು. ಅದಕ್ಕೆ ಮನೆ ಅಡವಿಟ್ಟು ಸಾಲ ತೆಗೆಯಬೇಕಿತ್ತು. ಎಂಟೆಕ್ ಎಲ್ಲಕ್ಕಿಂತ ದೊಡ್ಡದೆಂದು ಗೆಳತಿಯರು ಹೇಳಿದ್ದರು. "ಸಾಲಕ್ಕೆ ನಾನು ಹೆದರುವುದಿಲ್ಲ ಮೇಡಂ, ಆದರೆ ಎರಡು ವರ್ಷ ಕಳೆದ ಮೇಲೆ ಇದು ಇವಳಿಗೆ ಆಗಿಬರುವ ಓದಲ್ಲ ಎಂದಾಗಬಾರದು" ಎಂದರು ತಂದೆ.

ಮೊದಲು ಎಂಟೆಕ್ ಕುರಿತ ಗೊಂದಲವನ್ನು ಬಿಡಿಸಿದೆ. ಯಾವುದೇ ಪದವಿಯ ಮೂರನೆಯ ವರ್ಷದಲ್ಲಿರುವವರೂ ಎಂಟೆಕ್ ಪ್ರವೇಶಕ್ಕೆ ಬಳಸುವ ರಾಷ್ಟ್ರಮಟ್ಟದ ಗೇಟ್ ಪರೀಕ್ಷೆಗೆ ಕೂರಬಹುದು; ಆದರೆ ಪರೀಕ್ಷೆ ಬರೆಯುವ ಅರ್ಹತೆ ಬೇರೆ, ಪ್ರವೇಶದ ಅರ್ಹತೆ ಬೇರೆ. ಎಂಟೆಕ್‌ಗೆ ಸಾಮಾನ್ಯವಾಗಿ ಬಿಇ, ಎಂಸಿಎ (ಕಂಪ್ಯೂಟರ್ ಅಪ್ಲಿಕೇಶನ್ಸ್ ಸ್ನಾತಕೋತ್ತರ ಪದವಿ) ಅಥವಾ ಸಂಬಂಧಿತ ಎಂಎಸ್ಸಿ ಆಗಿರಬೇಕಾದ್ದರಿಂದ, ಮೂರು ವರ್ಷದ ಬಿಸಿಎಯಿಂದ ಅಲ್ಲಿಗೆ ನೇರ ದಾರಿಯಿಲ್ಲ.

ಬಳಿಕ ಅಂಕಪಟ್ಟಿಗಳ ಜತೆಗೆ ಲ್ಯಾಬ್ ರೆಕಾರ್ಡುಗಳನ್ನೂ ತರಿಸಿಕೊಂಡೆ. ಒಲವನ್ನು ಅರಿಯಲು ಅಂಕಗಳಿಗಿಂತ ರೆಕಾರ್ಡು ಹೆಚ್ಚು ನೆರವಾಗುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಸಂಖ್ಯಾಶಾಸ್ತ್ರದಲ್ಲಿ ಆಕೆ ಕಷ್ಟಪಟ್ಟು ಪಾಸಾಗಿದ್ದಳು. ಆದರೆ ಆಪರೇಟಿಂಗ್ ಸಿಸ್ಟಮ್ ರೆಕಾರ್ಡಿನ ರೌಂಡ್ ರಾಬಿನ್ (ಪ್ರೋಸೆಸ್‌ಗಳಿಗೆ, ಅಂದರೆ ಓಡುತ್ತಿರುವ ಪ್ರೋಗ್ರಾಮುಗಳಿಗೆ, ಸರದಿಯಂತೆ ಸಮಯ ಹಂಚುವ ವಿಧಾನ) ಪ್ರೋಗ್ರಾಮಿನ ಪುಟದಂಚಿನಲ್ಲಿ, ಟೈಮ್ ಕ್ವಾಂಟಮ್ ಅನ್ನು, ಅಂದರೆ ಒಂದು ಸರದಿಗೆ ಸಿಗುವ ಸಮಯವನ್ನು, 2, 4, 8 ಎಂದು ಬದಲಿಸುತ್ತಾ ಹೋದರೆ ಪ್ರೋಸೆಸ್‌ಗಳು ಕಾಯುವ ಸರಾಸರಿ ಸಮಯ ಎಷ್ಟಾಗುತ್ತದೆಂದು ಪೆನ್ಸಿಲಿನಲ್ಲಿ ಲೆಕ್ಕ ಹಾಕಿಟ್ಟಿದ್ದಳು. ಯಾರು ಹೇಳಿದ್ದೆಂದು ಕೇಳಿದಾಗ, "ಯಾರೂ ಹೇಳಲಿಲ್ಲ ಮೇಡಂ, ನೋಡಬೇಕೆನಿಸಿತು" ಎಂದಳು.

ಡೇಟಾ ಸೈನ್ಸ್ ನಿಂತಿರುವುದೇ ಸಂಭವನೀಯತೆ, ಸಂಖ್ಯಾಶಾಸ್ತ್ರ ಮತ್ತು ರೇಖೀಯ ಬೀಜಗಣಿತದ ಮೇಲೆ. ಅವುಗಳಲ್ಲಿ ಮನಸ್ಸಿಲ್ಲದವರಿಗೆ ಮಷೀನ್ ಲರ್ನಿಂಗ್ (ದತ್ತಾಂಶದಿಂದ ಕಂಪ್ಯೂಟರಿಗೆ ಕಲಿಸುವ ವಿಧಾನ) ಪಾಠಗಳು ಬಾಯಿಪಾಠವಾಗಿಯೇ ಉಳಿದುಬಿಡುತ್ತವೆ. ಕಂಪ್ಯೂಟರ್ ಸೈನ್ಸ್ ಎಂಎಸ್ಸಿ ಸಿದ್ಧಾಂತದ ಕಡೆಗೆ ಹೆಚ್ಚು ವಾಲುತ್ತದೆ, ಉಪನ್ಯಾಸಕ ವೃತ್ತಿಯನ್ನು ಬಯಸುವವರಿಗೆ ಒಪ್ಪುತ್ತದೆ. ಎಂಸಿಎಯಲ್ಲಿ ಸಾಫ್ಟ್‌ವೇರ್ ನಿರ್ಮಾಣ, ಡೇಟಾಬೇಸ್, ನೆಟ್‌ವರ್ಕ್, ಪ್ರಾಜೆಕ್ಟ್‌ಗಳಿಗೆ ಒತ್ತು. ಹಿಂದೆ ಮೂರು ವರ್ಷವಿದ್ದ ಈ ಕೋರ್ಸನ್ನು ತಾಂತ್ರಿಕ ಶಿಕ್ಷಣದ ರಾಷ್ಟ್ರೀಯ ನಿಯಂತ್ರಣ ಸಂಸ್ಥೆಯಾದ ಎಐಸಿಟಿಇ 2020–21ರಿಂದ ಎರಡು ವರ್ಷಕ್ಕೆ ಇಳಿಸಿದೆ. ಇದಕ್ಕೆ ಪಿಯುಸಿಯಲ್ಲಾಗಲಿ ಪದವಿಯಲ್ಲಾಗಲಿ ಗಣಿತ ಓದಿದ್ದರೆ ಅನುಕೂಲ, ಆಕೆ ಓದಿದ್ದಳು.

ಆಕೆಯ ಒಲವು ಸಂಖ್ಯಾಶಾಸ್ತ್ರಕ್ಕಿಂತ ಪ್ರೋಗ್ರಾಮುಗಳು ನಡೆಯುವ ಬಗೆಯ ಕಡೆಗಿದ್ದುದರಿಂದ ನಾನು ಎಂಸಿಎಯನ್ನೇ ಸೂಚಿಸಿದೆ. ರಾಜ್ಯದ ಕಾಲೇಜುಗಳಿಗಾಗಿ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಪಿಜಿಸಿಇಟಿ, ಸುರತ್ಕಲ್ಲಿನ ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆ ಎನ್‌ಐಟಿಕೆಗಾಗಿ ಎನ್‌ಐಟಿಗಳ ಎಂಸಿಎ ಪ್ರವೇಶ ಪರೀಕ್ಷೆ ನಿಮ್ಸೆಟ್, ಎರಡನ್ನೂ ಬರೆಯಲು ಹೇಳಿದೆ. ನಿಮ್ಸೆಟ್‌ನಲ್ಲಿ ಗಣಿತಕ್ಕೇ ಅತಿ ಹೆಚ್ಚು ತೂಕವಿರುವುದರಿಂದ, ಪಿಯುಸಿ ಗಣಿತವನ್ನು ಅಂದಿನಿಂದಲೇ ಮತ್ತೆ ಓದಲಾರಂಭಿಸುವಂತೆ ತಿಳಿಸಿದೆ. ಮುಂದೆ ಎಂಟೆಕ್ ಬೇಕೆನಿಸಿದರೆ ಎಂಸಿಎ ಮುಗಿಸಿ ಗೇಟ್ ಮೂಲಕ ಹೋಗಬಹುದು. ಅದರ ಅಂಕ ಮೂರು ವರ್ಷ ಊರ್ಜಿತದಲ್ಲಿರುತ್ತದೆ, ಮತ್ತು ಗೇಟ್ ಮೂಲಕ ಸೇರಿದ ಅರ್ಹ ಪೂರ್ಣಾವಧಿ ವಿದ್ಯಾರ್ಥಿಗಳಿಗೆ ತಿಂಗಳಿಗೆ 12,400 ರೂಪಾಯಿ ಶಿಷ್ಯವೇತನ ಸಿಗುತ್ತದೆ.

ಎರಡೂ ಪ್ರವೇಶ ಪರೀಕ್ಷೆಗಳ ಫಲಿತಾಂಶ ಬರುವವರೆಗೆ ಮನೆಯ ದಾಖಲೆಪತ್ರಗಳನ್ನು ಬ್ಯಾಂಕಿಗೆ ಕೊಂಡೊಯ್ಯಬೇಡಿರೆಂದು ತಂದೆಗೆ ಹೇಳಿದೆ. ಸೋದರಮಾವನಿಗೆ ವಿಷಯ ತಿಳಿಸುವಾಗ ಆ ಲ್ಯಾಬ್ ರೆಕಾರ್ಡನ್ನೂ ತೋರಿಸುವಂತೆ ಮಗಳಿಗೆ ಸೂಚಿಸಿದೆ.