ಟಿಪಿ53 ಕೆಟ್ಟರೆ ಮಕ್ಕಳಿಗೂ ಬರುತ್ತದೆಯೇ?

ಪ್ರಶ್ನೆ: ತಂದೆಗೆ ಅನ್ನನಾಳದ ಕ್ಯಾನ್ಸರ್. ಗಡ್ಡೆಯ ವರದಿಯಲ್ಲಿ ‘ಟಿಪಿ53 ಜೀನ್ ರೂಪಾಂತರ’ ಎಂದಿದೆ. ನಮಗೂ ಅಪಾಯವೇ?
– ಓದುಗರು, ಶಹಾಪುರ, ಯಾದಗಿರಿ ಜಿಲ್ಲೆ

ಉತ್ತರ: ಗಾಬರಿ ಬೇಡ. 17ನೇ ಕ್ರೋಮೋಸೋಮಿನ ಈ ಜೀನ್ ಪಿ53 ಪ್ರೋಟೀನ್ ತಯಾರಿಸುತ್ತದೆ. ಡಿಎನ್ಎ ಹಾಳಾದಾಗ ಕೋಶ ಒಡೆದು ಎರಡಾಗುವುದನ್ನು ಅದು ತಡೆಯುತ್ತದೆ. ರಿಪೇರಿ ಆಗದಿದ್ದರೆ ಕೋಶವನ್ನೇ ಸಾಯಿಸುತ್ತದೆ. ಜೀನೇ ಕೆಟ್ಟರೆ ಹಾಳಾದ ಕೋಶ ಬೆಳೆಯುತ್ತಲೇ ಹೋಗುತ್ತದೆ. ಅನ್ನನಾಳದ ಸ್ಕ್ವೇಮಸ್ (ಒಳಪದರದ ಚಪ್ಪಟೆ ಕೋಶಗಳ) ಗಡ್ಡೆಗಳಲ್ಲಿ ಬಹುಪಾಲು ಹೀಗೇ. ಸಾಮಾನ್ಯವಾಗಿ ಈ ಬದಲಾವಣೆ ಗಡ್ಡೆಯಲ್ಲಷ್ಟೇ ಇರುತ್ತದೆ, ಮಕ್ಕಳಿಗೆ ದಾಟುವುದಿಲ್ಲ. ಮನೆತನದಲ್ಲಿ ಹಲವರಿಗೆ ಚಿಕ್ಕ ವಯಸ್ಸಿನಲ್ಲೇ ಕ್ಯಾನ್ಸರ್ ಬಂದಿದ್ದರೆ ಮಾತ್ರ ರಕ್ತದ ಜೀನ್ ಪರೀಕ್ಷೆ ಕೇಳಿ.

ತಂಬಾಕು, ಗುಟ್ಕಾ, ಸಾರಾಯಿ ಬಿಡಿ. ಚಹಾ 65 ಡಿಗ್ರಿಗಿಂತ ಬಿಸಿ ಬೇಡ. ರೊಟ್ಟಿ ಗಂಟಲಲ್ಲಿ ಸಿಕ್ಕಿದಂತಾಗುವುದು 2 ವಾರ ಮುಂದುವರಿದರೆ ಎಂಡೋಸ್ಕೋಪಿ ಮಾಡಿಸಿ. ಕಲಬುರಗಿಯಲ್ಲೇ ಕಿದ್ವಾಯಿ ಕ್ಯಾನ್ಸರ್ ಚಿಕಿತ್ಸಾ ಕೇಂದ್ರವಿದೆ.